ಇಸ್ತ್ರಿ ಅಂಗಡಿಯ ಅಕ್ಕ ಆಸ್ಪತ್ರೆಯಲ್ಲಿ ಹೇಳಿದ್ದು

ಇಸ್ತ್ರಿ ಅಂಗಡಿಯಲ್ಲಿ ಬಾಯಿ ಅಕ್ಕನದು, ಕೈ ತಮ್ಮನದು ಎಂದು ಗಿರಾಕಿಗಳು ತಮಾಷೆ ಮಾಡುತ್ತಿದ್ದರು. ಬಟ್ಟೆ ಎಣಿಸಿ ಗಂಟು ಕಟ್ಟುವವಳು, ತಡವಾದರೆ ಸಮಾಧಾನ ಹೇಳುವವಳು, ಅಗತ್ಯ ಬಿದ್ದರೆ ಜಗಳಕ್ಕೂ ನಿಲ್ಲುವವಳು ಅಕ್ಕ. ಮೇಜಿನ ಮುಂದೆ ನಿಂತು ಬೆವರು ಒರೆಸಿಕೊಳ್ಳುತ್ತ ಇಸ್ತ್ರಿ ಹಾಕುವವನು ತಮ್ಮ. ಅವನಿಗೆ ಹುಟ್ಟಿನಿಂದ ಕಿವಿ ಕೇಳಿಸದು.

ಆದರೆ ಆ ಅಂಗಡಿಯ ನಿಜವಾದ ಬಾಯಿಬಡುಕ ತಮ್ಮನೇ ಎಂಬುದು ಅಕ್ಕನಿಗೊಬ್ಬಳಿಗೇ ಗೊತ್ತಿತ್ತು. ಕಿವುಡ ಮಕ್ಕಳ ಶಾಲೆಗೆ ಸೇರಿದ ಮೇಲೆ ಅವನು ಪ್ರತಿ ರಜೆಗೂ ಕೈತುಂಬ ಮಾತು ಹೊತ್ತು ತರುತ್ತಿದ್ದ. ಹಿತ್ತಲಲ್ಲಿ ಕೂರಿಸಿಕೊಂಡು ಅಕ್ಕನಿಗೆ ಕಲಿಸುತ್ತಿದ್ದ. ತಪ್ಪಿದರೆ ಗೆಣ್ಣಿಗೆ ಒಂದೇಟು. ಅಮ್ಮನಿಗೆ ಇದು ಹಿಡಿಸುತ್ತಿರಲಿಲ್ಲ. "ಬೀದೀಲಿ ಕೋತಿ ಥರ ಕೈ ಆಡಿಸಬೇಡ್ರೋ, ಜನ ನಗ್ತಾರೆ" ಎನ್ನುತ್ತಿದ್ದಳು. ಹಾಗಾಗಿ ಬೀದಿಯಲ್ಲಿ ಕೈ ಕಟ್ಟಿಕೊಂಡು ನಡೆದು, ಬಾಗಿಲು ಹಾಕಿದ ಮೇಲೆ ಇಬ್ಬರೂ ಹೊಟ್ಟೆ ತುಂಬ ಹರಟುತ್ತಿದ್ದರು. ಅಂಗಡಿ ಇಟ್ಟ ಮೇಲೂ ಅಷ್ಟೇ, ಗಿರಾಕಿ ಬೆನ್ನು ತಿರುಗಿಸಿದರೆ ಸಾಕು, ತಮ್ಮನ ಕೈ ಶುರು. ವಕೀಲರ ಜೇಬಿನಲ್ಲಿ ಕಡಲೆಕಾಯಿ ಸಿಪ್ಪೆ ಸಿಕ್ಕಿದ್ದು, ಹೆಡ್‌ಮಾಸ್ತರರ ಷರ್ಟಿಗೆ ಯಾರದೋ ಪೌಡರು ಮೆತ್ತಿದ್ದು, ಎಲ್ಲದರ ವರದಿಯೂ ಬರುತ್ತಿತ್ತು. ಅಕ್ಕ ನಗು ಮುಚ್ಚಿಕೊಳ್ಳಲು ಕೆಮ್ಮುತ್ತಿದ್ದಳು.

ಒಂದು ಸಂಜೆ ತಮ್ಮ ವಕೀಲರ ಕರಿಕೋಟನ್ನು ಸುಟ್ಟ. ಅಕ್ಕ ವಕೀಲರೆದುರಿಗೇ ಅವನನ್ನು ಬಾಯಲ್ಲೂ ಕೈಮಾತಲ್ಲೂ ತರಾಟೆಗೆ ತೆಗೆದುಕೊಂಡಳು. ಅವನು ಗೋಡೆಗೆ ಮುಖ ಮಾಡಿ ನಿಂತ. ಮರುದಿನ ಬೆಳಿಗ್ಗೆ ಹಾಸಿಗೆಯಿಂದ ಏಳಹೋದವನು ಕುಸಿದು ಬಿದ್ದ. ಬಲಗೈ, ಬಲಗಾಲು ಸ್ವಾಧೀನ ತಪ್ಪಿದ್ದವು.

ಮಿದುಳಿನ ಎಡಭಾಗಕ್ಕೆ ರಕ್ತ ಹೋಗುವುದು ನಿಂತು ಪೆಟ್ಟಾಗಿದೆ ಎಂದರು ಡಾಕ್ಟರು. "ಮಾತಲ್ಲಿ ಏನಾದ್ರೂ ವ್ಯತ್ಯಾಸ ಆಗಿದೆಯೇನಮ್ಮ?"

"ಅವನು ಹುಟ್ಟು ಕಿವುಡ ಸಾರ್. ಅವನಿಗೆ ಮಾತೇ ಇಲ್ಲ. ಹೋಗೋದೇನ್ ಬಂತು?"

ಡಾಕ್ಟರು ತಲೆಯಾಡಿಸಿ ಪಕ್ಕದ ಹಾಸಿಗೆಗೆ ನಡೆದರು. ಅಲ್ಲಿದ್ದ ಹಿರಿಯರಿಗೂ ಇದೇ ಕಾಯಿಲೆ, ಹೆಂಡತಿಯ ಹೆಸರೂ ನಾಲಿಗೆಗೆ ಬರುತ್ತಿರಲಿಲ್ಲ. ಮಾತು ಕಲಿಸಲು ಒಬ್ಬಳು ಹುಡುಗಿ ದಿನವೂ ಬಂದು ಅವರ ಹತ್ತಿರ ಕೂರುತ್ತಿದ್ದಳು. ಸದ್ಯ, ನಮಗೆ ಆ ಕಷ್ಟ ಇಲ್ಲವಲ್ಲ ಎಂದು ಅಕ್ಕ ನಿಟ್ಟುಸಿರು ಬಿಟ್ಟಿದ್ದಳು.

ವ್ಯಾಯಾಮ ಮಾಡಿಸಿ ಮಾಡಿಸಿ ತಮ್ಮನ ಕೈಕಾಲು ಸ್ವಾಧೀನಕ್ಕೆ ಮರಳಿದವು. ಅಂಗಡಿಗೂ ಬಂದ. ಅವನು ಹಾಕಿದ ಗೆರೆ ಮೊದಲಿನಂತೆಯೇ ನೆಟ್ಟಗೆ ನಿಲ್ಲುತ್ತಿತ್ತು. ಅಕ್ಕನೊಡನೆ ಮಾತ್ರ ಮಾತಿಲ್ಲ. ಹಸಿವಾದರೆ ಹೊಟ್ಟೆ ತಟ್ಟುವನು, ಬಾಯಾರಿದರೆ ಲೋಟ ಎತ್ತಿ ಕುಡಿದಂತೆ ಮಾಡುವನು, ಅಷ್ಟೇ. ಬೇಕಾದ್ದನ್ನು ಕೇಳಲು ಕೈ ಬರುತ್ತದೆ, ನನ್ನ ಹತ್ತಿರ ಮಾತಾಡಲು ಬರುವುದಿಲ್ಲವೇ? ಕೋಟಿನ ಮುನಿಸು ಎಂದುಕೊಂಡಳು ಅಕ್ಕ. ಒಮ್ಮೊಮ್ಮೆ ಅವನ ಕೈ ಮೇಲೆದ್ದು, ಗಾಳಿಯಲ್ಲಿ ಏನೋ ಕಲಸಿ ಕೆಳಗೆ ಬೀಳುತ್ತಿತ್ತು. ಅದು ಅವಳಿಗೆ ತಾತ್ಸಾರದಂತೆ ಕಂಡಿತು. "ನಿನಗಷ್ಟು ಕೊಬ್ಬಾದ್ರೆ ನನಗೂ ಇದೆ ಕಣೋ" ಎಂದು ಗೊಣಗಿಕೊಂಡು ಅವಳೂ ಕೈ ಕಟ್ಟಿದಳು. ಮಳೆಗಾಲ ಹಾಗೆಯೇ ಕಳೆಯಿತು. ಚಳಿಗಾಲವೂ ಕಳೆಯಿತು.

ತಮ್ಮನ ರಕ್ತದೊತ್ತಡ ತೋರಿಸಲು ಆಸ್ಪತ್ರೆಗೆ ಹೋದಾಗ, ಮಾತು ಕಲಿಸುವ ಆ ಹುಡುಗಿ ಮೊಗಸಾಲೆಯಲ್ಲಿ ಎದುರಾಗಿ ಗುರುತು ಹಿಡಿದು ನಕ್ಕಳು. ಅಷ್ಟರಲ್ಲಿ ತಮ್ಮ ನೀರು ಕುಡಿಯುವಂತೆ ಮಾಡಿ ತೋರಿಸಿದ.

"ನೋಡಮ್ಮ, ನೀರಿಗೆ ಮಾತ್ರ ಕೈ ಏಳುತ್ತೆ" ಎಂದಳು ಅಕ್ಕ, ಬಾಟಲಿ ಕೊಡುತ್ತ. "ಮೊದಲು ನನ್ನ ಹತ್ರ ಗಂಟೆಗಟ್ಟಲೆ ಹರಟ್ತಿದ್ದ. ಈಗ ಮಹಾರಾಜರಿಗೆ ಮುನಿಸು. ಒಂದು ಸುಟ್ಟ ಕೋಟಿನ ವಿಷಯಕ್ಕೆ!"

ಹುಡುಗಿಯ ನಗು ನಿಂತಿತು. "ಹರಟ್ತಿದ್ರಾ? ಯಾವುದರಲ್ಲಿ?"

"ಇನ್ಯಾವುದರಲ್ಲಿ? ಕೈಯಲ್ಲಿ."

ಅವಳು ಇಬ್ಬರನ್ನೂ ತನ್ನ ಕೋಣೆಗೆ ಕರೆದೊಯ್ದಳು. ಇಸ್ತ್ರಿ ಹಾಕೋದು ಹೇಗೆ ಎಂದು ಅವಳು ಸನ್ನೆ ಮಾಡಿ ಕೇಳಿದಾಗ ತಮ್ಮ ಇಲ್ಲದ ಷರ್ಟಿಗೆ ನೀರು ಚಿಮುಕಿಸಿ, ಕಾಲರು ಮಡಚಿ, ಇಲ್ಲದ ಇಸ್ತ್ರಿಪೆಟ್ಟಿಗೆಯನ್ನು ಓಡಿಸಿಯೇಬಿಟ್ಟ. "ಈಗ 'ಅಮ್ಮ' ಅಂತ ಕೈಮಾತಲ್ಲಿ ಹೇಳೋಕೆ ಹೇಳಿ."

ಎಷ್ಟೋ ದಿನದ ಮೇಲೆ ಅಕ್ಕ ಕೈ ಬಿಚ್ಚಿ ಕೇಳಿದಳು. ಕೆನ್ನೆಯ ಮೇಲೆ ನಿಲ್ಲಬೇಕಾದ ತಮ್ಮನ ಬೆರಳು ಹಣೆಗೆ ಹೋಯಿತು, ಗಲ್ಲಕ್ಕಿಳಿಯಿತು, ಮುಷ್ಟಿಯಾಗಿ ಮತ್ತೆ ಬಿಚ್ಚಿತು. ಅವನು ತನ್ನ ಕೈಯನ್ನು ಬೇರೆ ಯಾರದೋ ಕೈಯಂತೆ ನೋಡಿಕೊಂಡ.

"ಇದು ಮುನಿಸಲ್ಲ ಅಕ್ಕ" ಎಂದಳು ಹುಡುಗಿ. "ನಾವು ಬಾಯಲ್ಲಿ ಆಡಿದ್ರೂ ಅವರು ಕೈಯಲ್ಲಿ ಆಡಿದ್ರೂ, ಮಾತು ಹುಟ್ಟೋದು ಮಿದುಳಲ್ಲಿ ಹೆಚ್ಚುಕಮ್ಮಿ ಒಂದೇ ಕಡೆ. ಸಾಮಾನ್ಯವಾಗಿ ಎಡಗಡೆ. ಕುಡಿಯೋ ಹಾಗೆ ಮಾಡಿ ತೋರಿಸೋದೇ ಬೇರೆ, ಅದು ಉಳಿದಿದೆ. ಕೈಯೂ ಸರಿಯಾಗಿದೆ. ಹೋಗಿರೋದು ಮಾತು."

"ಅವತ್ತೇ ಯಾಕೆ ಹೇಳಲಿಲ್ಲಮ್ಮ? ಪಕ್ಕದ ಹಾಸಿಗೆಗೆ ದಿನಾ ಬರ್ತಿದ್ದೆಯಲ್ಲ."

"ಇವರಿಗೆ ಮೊದಲಿಂದಲೂ ಮಾತಿಲ್ಲ ಅಂದಿದ್ರು."

ಅಂದವರು ಯಾರೆಂದು ಅಕ್ಕ ಕೇಳಲಿಲ್ಲ. "ಈಗ ಬರುತ್ತಾ?" ಎಂದಳು.

"ಸ್ವಲ್ಪ ಬರಬಹುದು. ಮೊದಲ ಕೆಲವು ತಿಂಗಳಲ್ಲಾಗಿದ್ರೆ..."

ಆ ಬಳಿಕ ವಾರವಾರವೂ ಹೋದರು. ನೀರು, ಬಿಸಿ, ಬಾ, ಅಕ್ಕ, ಹೀಗೆ ಒಂದೊಂದಾಗಿ ಕೆಲವು ಮರಳಿದವು. ಹರಟೆ ಮರಳಲಿಲ್ಲ. ಊರಿನವರೆಲ್ಲ ಅವನನ್ನು ಮೂಗ ಅಂದಿದ್ದರೂ ಅಕ್ಕ ಇಷ್ಟು ಕೊರಗುತ್ತಿರಲಿಲ್ಲ. ಅವನ ಮಾತನ್ನು ಉಂಡು ಬೆಳೆದವಳು ತಾನು. ಡಾಕ್ಟರ ಮುಂದೆ ಅದನ್ನು ಮಾತೆಂದು ಒಪ್ಪಿಕೊಳ್ಳಲು ತನಗೆ ತೋಚಲೇ ಇಲ್ಲ.

ಒಂದು ಮಧ್ಯಾಹ್ನ ಗಿರಾಕಿಗಳಿಲ್ಲದಾಗ ಅವಳು ಅಂಗಡಿಯ ಬಾಗಿಲು ಅರ್ಧ ಎಳೆದು ತಮ್ಮನ ಎದುರು ನಿಂತಳು. ನಿಧಾನವಾಗಿ ಕೈಯಲ್ಲಿ ಹೇಳಿದಳು: "ಡಾಕ್ಟರು ಕೇಳಿದಾಗ ನಿನಗೆ ಮಾತಿಲ್ಲ ಅಂದೆ. ನಾನೇ ಅಂದೆ."

ಅವನಿಗೆ ತಿಳಿಯಿತು. ಕಣ್ಣು ಅವಳ ಬೆರಳಿನಿಂದ ಮುಖಕ್ಕೆ ಏರಿತು. ಪೆಟ್ಟಿಗೆಯನ್ನು ನಿಲ್ಲಿಸಿ ಎರಡೂ ಕೈ ಎತ್ತಿದ. ಹೇಳಬೇಕಾದದ್ದು ಉದ್ದವಿತ್ತು, ಅದು ಭುಜದಲ್ಲೇ ಕಾಣುತ್ತಿತ್ತು. ಬೆರಳುಗಳು ಶುರು ಮಾಡಿದವು, ತಪ್ಪಿದವು, ಮತ್ತೆ ಮೊದಲಿನಿಂದ ಶುರು ಮಾಡಿದವು.

"ಬೈತಿದ್ದೀಯಾ?"

ಅಲ್ಲವೆಂದು ತಲೆಯಾಡಿಸಿದ.

"ಹೋಗ್ಲಿ ಬಿಡು ಅಂತಿದ್ದೀಯಾ?"

ಅದೂ ಅಲ್ಲ.

ಕೋಟಿನ ವಿಷಯವೇ? ಅಮ್ಮನದೇ? ತೋಚಿದ್ದೆಲ್ಲ ಕೇಳಿದಳು. ಎಲ್ಲದಕ್ಕೂ ತಲೆ ಅಡ್ಡಡ್ಡವೇ ಆಡಿತು. ಅವಳಿಗೆ ಹೊಳೆಯದ ಬೇರೇನೋ ಅದು, ಅವನೊಬ್ಬನೇ ಹೇಳಬಹುದಾಗಿದ್ದದ್ದು. ಕೊನೆಗೆ ಅವನು ಕೈ ಇಳಿಸಿ, ಮುಂದಿನ ಷರ್ಟನ್ನು ಮೇಜಿನ ಮೇಲೆ ಹರಡಿದ. ಹೊರಗೆ ಯಾರೋ ಬಾಗಿಲು ಬಡಿದರು. ಅಕ್ಕ ಮಾತ್ರ ತಮ್ಮನ ಕೈಗಳಿಂದ ಕಣ್ಣು ಕೀಳಲಿಲ್ಲ.