ಹೊಗೆ ಸೋಸುವವನ ಊಟದ ಡಬ್ಬಿ

ಸಿಡ್ನಿಯ ನಮ್ಮ ಬಡಾವಣೆ ದಿ ಪಾಂಡ್ಸ್‌ನಲ್ಲಿ ಯಾರದಾದರೂ ಗೃಹಪ್ರವೇಶಕ್ಕೆ ಹೋದರೆ ನನಗೆ ಊಟಕ್ಕೆ ಮೊದಲಿನ ಅರ್ಧ ಗಂಟೆ ಕಳೆಯುವುದೇ ಕಷ್ಟ. ಮಾರ್ಟ್‌ಗೇಜು, ಮಕ್ಕಳ ಸ್ಕೂಲು, ಊರಿಂದ ಬಂದ ಅತ್ತೆಯ ವೀಸಾ ಎಲ್ಲ ಮುಗಿದ ಮೇಲೆ ಯಾರೋ ಒಬ್ಬರು ನನ್ನ ಕಡೆ ತಿರುಗಿ "ನೀವು ಯಾವ ಪ್ರಾಜೆಕ್ಟ್‌ನಲ್ಲಿದ್ದೀರಾ?" ಎಂದು ಕೇಳುತ್ತಾರೆ. ನೆಲ ಅಗೆಯುವ ದೊಡ್ಡ ಮೆಷಿನ್‌ಗಳ ಹೊಗೆ ಫಿಲ್ಟರ್ ರಿಪೇರಿ ಮಾಡುತ್ತೇನೆ ಎಂದರೆ ಅವರು ಮೊದಲು ನನ್ನ ಉಗುರು ನೋಡುತ್ತಾರೆ, ಆಮೇಲೆ ತಮ್ಮ ಹೊಸ ಸೋಫಾ ನೋಡುತ್ತಾರೆ. ನಾನು ನಿಂತುಕೊಂಡೇ ಮಾತು ಮುಂದುವರಿಸುತ್ತೇನೆ.

ಹೆಂಡತಿ ಈ ವಿಷಯದಲ್ಲಿ ನನಗಿಂತ ಚುರುಕು. ಅವಳು "ಎಮಿಷನ್ಸ್‌ನಲ್ಲಿದ್ದಾರೆ" ಎಂದುಬಿಡುತ್ತಾಳೆ. ಅದು ಹವಾಮಾನ ಬದಲಾವಣೆಗೆ ಸಂಬಂಧಪಟ್ಟ ಯಾವುದೋ ದೊಡ್ಡ ಹುದ್ದೆ ಎಂದುಕೊಂಡು ಕೇಳಿದವರು ಗೌರವದಿಂದ ತಲೆಯಾಡಿಸುತ್ತಾರೆ. ಸುಳ್ಳೇನೂ ಅಲ್ಲವಲ್ಲ ಎಂದು ನಾನೂ ಸುಮ್ಮನಿರುತ್ತೇನೆ.

ನಿಜ ಹೇಳಬೇಕೆಂದರೆ ಈ ಫಿಲ್ಟರ್ ವಿದ್ಯೆಯ ಮೊದಲ ಪಾಠ ನನಗೆ ಆಗಿದ್ದು ತಿಪಟೂರಿನ ನಮ್ಮ ಅಡುಗೆಮನೆಯಲ್ಲಿ. ಕಾಫಿ ಫಿಲ್ಟರಿನ ತೂತುಗಳು ಕಟ್ಟಿಕೊಂಡು ಡಿಕಾಕ್ಷನ್ ಇಳಿಯದೆ ಮುಷ್ಕರ ಹೂಡಿದ ದಿನ ಅಮ್ಮ ಅದನ್ನು ಪಿನ್ನಿನಿಂದ ಚುಚ್ಚುತ್ತಿರಲಿಲ್ಲ. ಮೇಲಿನ ಪಾತ್ರೆಯನ್ನು ಇಕ್ಕಳದಲ್ಲಿ ಹಿಡಿದು, ತಳವನ್ನು ಗ್ಯಾಸ್ ಉರಿಯ ಮೇಲೆ ಇಡುತ್ತಿದ್ದಳು. ತೂತುಗಳಲ್ಲಿ ಸಿಕ್ಕಿಕೊಂಡ ಕಾಫಿಪುಡಿ ಚಿಟಪಟ ಎಂದು ಕಿಡಿಯಾಗಿ ಉರಿದುಹೋಗುತ್ತಿತ್ತು. ಆರಿದ ಮೇಲೆ ಸಿಂಕಿನ ಅಂಚಿಗೆ ಎರಡು ಸಲ ಕುಟ್ಟಿದರೆ ಬೂದಿ ಉದುರಿ, ತೂತುಗಳೆಲ್ಲ ಕಣ್ಣು ಬಿಡುತ್ತಿದ್ದವು.

ಡೀಸೆಲ್ ಮೆಷಿನ್ನಿನ ಹೊಗೆ ಫಿಲ್ಟರು ಮಾಡುವುದೂ ಇಷ್ಟೇ. ಜೇನುಗೂಡಿನಂಥ ಒಂದು ಪಿಂಗಾಣಿ ದಿಂಡು, ಅದರ ಸುತ್ತ ಉಕ್ಕಿನ ಡಬ್ಬ. ಎಂಜಿನ್ ಬಿಟ್ಟ ಹೊಗೆಯಿಂದ ಮಸಿಯನ್ನು ಅದು ಹಿಡಿದಿಟ್ಟುಕೊಳ್ಳುತ್ತದೆ. ಮಸಿ ಹೆಚ್ಚಾದಾಗ ಮೆಷಿನ್ನು ತಾನೇ ಒಂದಿಷ್ಟು ಡೀಸೆಲನ್ನು ಅಲ್ಲಿಗೆ ಕಳಿಸಿ, ಆರುನೂರು ಡಿಗ್ರಿಗೆ ಕಾಯಿಸಿ, ಮಸಿಯನ್ನೆಲ್ಲ ಸುಟ್ಟುಕೊಳ್ಳುತ್ತದೆ. ಈ ಸುಡುವ ಕೆಲಸಕ್ಕೆ ನಮ್ಮವರು ರೀಜನ್ ಎನ್ನುತ್ತಾರೆ. ಮಸಿ ಸುಟ್ಟುಹೋಗುತ್ತದೆ, ಬೂದಿ ಮಾತ್ರ ಉಳಿಯುತ್ತದೆ. ಅದನ್ನು ಯಾವ ಬೆಂಕಿಯೂ ಏನೂ ಮಾಡಲಾರದು. ಕೆಲವು ಸಾವಿರ ಗಂಟೆ ಓಡಿದ ಮೇಲೆ ಫಿಲ್ಟರನ್ನು ಬಿಚ್ಚಿ, ವರ್ಕ್‌ಶಾಪಿಗೆ ತಂದು, ಗಾಳಿ ಊದಿ ಬೂದಿ ಉದುರಿಸಬೇಕು. ಅಂದರೆ ಅಮ್ಮ ಸಿಂಕಿಗೆ ಕುಟ್ಟಿದ್ದನ್ನೇ ನಾನು ಕಿವಿಗೆ ಮಫ್ ಹಾಕಿಕೊಂಡು ಮಾಡುತ್ತೇನೆ.

ಇಷ್ಟು ಸರಳವಾದ ವಸ್ತು ಕೆಡುವುದಾದರೂ ಹೇಗೆ ಎಂದರೆ, ಮನುಷ್ಯರಿಂದ. ಎಂಜಿನ್ನಿಗೆ ಚೆನ್ನಾಗಿ ಕೆಲಸ ಕೊಟ್ಟರೆ ಹೊಗೆ ಬಿಸಿಯಾಗಿದ್ದು ಮಸಿ ಅರ್ಧ ತಾನಾಗೇ ಉರಿಯುತ್ತದೆ. ಕೆಲಸವಿಲ್ಲದೆ ಸುಮ್ಮನೆ ಗುರುಗುರು ಎನ್ನಿಸುತ್ತ ನಿಲ್ಲಿಸಿಕೊಂಡರೆ ಹೊಗೆ ತಣ್ಣಗಾಗಿ ಮಸಿ ಕಟ್ಟುತ್ತದೆ. ಸೋಮಾರಿತನದಿಂದ ಕೊಬ್ಬು ಬೆಳೆಯುವುದು ನನ್ನ ಹೊಟ್ಟೆಯ ವಿಷಯದಲ್ಲೂ ಸಾಬೀತಾದ ಸಂಗತಿ. ಇದರ ಮೇಲೆ ಕ್ಯಾಬಿನ್ನಿನಲ್ಲಿ ಒಂದು ಗುಂಡಿ ಬೇರೆ ಇದೆ. ಹತ್ತಿರ ಒಣಹುಲ್ಲೋ ಇನ್ನೇನೋ ಇದ್ದು, ಈಗ ಸುಡುವುದು ಬೇಡ ಎನ್ನುವಂಥ ಹೊತ್ತಿಗೆಂದು ಕೊಟ್ಟದ್ದು. ಅದನ್ನು ಒತ್ತಿದರೆ ರೀಜನ್ ನಿಲ್ಲುತ್ತದೆ. ದಿನಾ ಒತ್ತಿದರೆ ಹಳದಿ ದೀಪ ಹತ್ತುತ್ತದೆ, ಆಮೇಲೆ ಎಂಜಿನ್ನಿನ ಶಕ್ತಿ ಕುಗ್ಗುತ್ತದೆ, ಆಮೇಲೆ ನನಗೆ ಫೋನ್ ಬರುತ್ತದೆ.

ಈ ಎರಡು ಪಾಪಗಳ ಮೇಲೆ ನಾನು ಆಪರೇಟರುಗಳಿಗೆ ಕೊಟ್ಟಷ್ಟು ಪ್ರವಚನವನ್ನು ಯಾವ ಮಠದಲ್ಲೂ ಯಾರೂ ಕೊಟ್ಟಿರಲಾರರು. ಸುಮ್ಮನೆ ಓಡಿಸಬೇಡಿ, ಗುಂಡಿ ಒತ್ತಬೇಡಿ. ಕೇಳುವಾಗ ಎಲ್ಲರೂ ತಲೆಯಾಡಿಸುತ್ತಾರೆ, ನಾನು ಗೇಟು ದಾಟುವ ಮೊದಲೇ ಮರೆಯುತ್ತಾರೆ ಎನ್ನುವುದು ನನ್ನ ನಂಬಿಕೆಯಾಗಿತ್ತು. ಹಾಗಾಗಿ ರಿಪೋರ್ಟಿನಲ್ಲಿ "ಮೂಲ ಕಾರಣ" ಎಂಬ ಖಾನೆ ಬಂದಾಗ "ಆಪರೇಟರ್" ಎಂದು ತುಂಬುವುದು ನನಗೆ ಉಸಿರಾಡಿದಷ್ಟು ಸಲೀಸಾಗಿತ್ತು.

ಮೆಲ್ಬರ್ನ್‌ನ ಬಾಕ್ಸ್ ಹಿಲ್‌ನಲ್ಲಿ ಅಪಾರ್ಟ್‌ಮೆಂಟ್ ಒಂದರ ನೆಲಮಾಳಿಗೆ ಅಗೆಯಲು ನಮ್ಮ ಕಂಪನಿಯ ಒಂದು ಎಕ್ಸ್‌ಕವೇಟರ್ ಬಾಡಿಗೆಗೆ ಹೋಗಿತ್ತು. ಅದರ ಫಿಲ್ಟರು ಒಂದೇ ತಿಂಗಳಲ್ಲಿ ಎರಡು ಸಲ ಕಟ್ಟಿತು. ಎರಡು ಸಲವೂ ನಾನು ಸಿಡ್ನಿಯಿಂದ ಹಾರಿಹೋದೆ. ಸೈಟಿಗೆ ರಜೆಯಿದ್ದ ಭಾನುವಾರ ಮೆಷಿನ್ನಿಗೆ ಲ್ಯಾಪ್‌ಟಾಪ್ ಚುಚ್ಚಿ, ಬಲವಂತದ ರೀಜನ್ ಮಾಡಿಸಿ, ಒತ್ತಡ ಅಳೆಯುವ ಸೆನ್ಸರನ್ನೂ ಬದಲಿಸಿ ಬಂದೆ. ಎರಡು ಸಲವೂ ಮೂಲ ಕಾರಣ, ಆಪರೇಟರ್. ಆ ಮನುಷ್ಯ ಯಾರು, ಯಾಕೆ ಹಾಗೆ ಮಾಡುತ್ತಾನೆ ಎಂದು ಕೇಳಬೇಕೆಂದು ನನಗೆ ಹೊಳೆಯಲೂ ಇಲ್ಲ.

ಮೂರನೇ ಸಲ ದೀಪ ಹತ್ತಿದಾಗ ನಮ್ಮ ಸರ್ವಿಸ್ ಮ್ಯಾನೇಜರ್ ಡೆಬ್ಬಿ ಫೋನ್ ಮಾಡಿದಳು. ಡೆಬ್ಬಿ ಸಿಟ್ಟು ಬಂದಷ್ಟೂ ಮೆಲ್ಲಗೆ ಮಾತಾಡುವ ಹೆಂಗಸು. ಅವತ್ತು ನಾನು ಫೋನನ್ನು ಕಿವಿಗೆ ಒತ್ತಿ ಹಿಡಿಯಬೇಕಾಯಿತು.

"ಈ ಸಲವೂ ಆಪರೇಟರ್ ಅಂತಾದ್ರೆ ಬರೆದು ಕಳಿಸು. ಅವನನ್ನು ಸೈಟಿಂದ ತೆಗೀತಾರೆ, ಮತ್ತೆ ನಮ್ಮ ಯಾವ ಮೆಷಿನ್ ಮೇಲೂ ಕೂರಿಸಲ್ಲ. ಅವನಲ್ಲ ಅಂತಾದ್ರೆ ಯಾರು ಅಂತ ಹೇಳು," ಎಂದಳು.

ಮಂಗಳವಾರ ಬೆಳಿಗ್ಗೆ ಮೆಲ್ಬರ್ನ್‌ನಲ್ಲಿದ್ದೆ. ಗ್ಲೆನ್ ವೇವರ್ಲಿಯ ನಾದಿನಿಯ ಮನೆಯಲ್ಲಿ ಬ್ಯಾಗು ಇಟ್ಟು ಹೊರಟಾಗ ಅವಳು "ಭಾವ, ವಾಂಗೀಬಾತು, ಬಿಸಿ ಮಾಡ್ಕೊಂಡೇ ತಿನ್ನಿ" ಎಂದು ಫಾಯಿಲ್ ಸುತ್ತಿದ ಡಬ್ಬಿ ಕೊಟ್ಟಳು. ಸೈಟಿಗೆ ಹೋಗಿ ಲ್ಯಾಪ್‌ಟಾಪ್ ಚುಚ್ಚಿದೆ. ಮೆಷಿನ್ನಿನ ಕಂಪ್ಯೂಟರು ಚಾಡಿಕೋರ, ಎಲ್ಲ ಬರೆದಿಟ್ಟುಕೊಂಡಿತ್ತು. ದಿನಾ ಹತ್ತೂವರೆಯಿಂದ ಹನ್ನೆರಡರವರೆಗೆ ಎಂಜಿನ್ ಸುಮ್ಮನೆ ಓಡಿದೆ, ಅದೇ ಹೊತ್ತಿಗೆ ರೀಜನ್ ನಿಲ್ಲಿಸುವ ಗುಂಡಿಯನ್ನೂ ಒತ್ತಲಾಗಿದೆ. ಎರಡೂ ಪಾಪ ಒಟ್ಟಿಗೆ, ಗಡಿಯಾರ ನೋಡಿ ಮಾಡಿದ ಹಾಗೆ. ಕಳ್ಳ ಸಿಕ್ಕಿಬಿದ್ದ ಎಂಬ ಖುಷಿಯಲ್ಲಿ ಎಂಜಿನ್ನಿನ ಬಾಗಿಲು ತೆಗೆದೆ. ಮೆಷಿನ್ನು ಗುರುಗುರು ಎನ್ನುತ್ತಲೇ ಇತ್ತು. ಗಂಟೆ ಹನ್ನೊಂದು.

ಇಲ್ಲಿ ನನ್ನ ಕೈ ನನ್ನನ್ನು ಕೇಳದೆ ಒಂದು ಕೆಲಸ ಮಾಡಿತು. ವಾಂಗೀಬಾತಿನ ಡಬ್ಬಿಯನ್ನು ತೆಗೆದುಕೊಂಡು ಫಿಲ್ಟರಿನ ಮೇಲಿನ ಬಿಸಿ ತಗಡಿನ ಕಡೆ ಹೋಯಿತು. ಹೋದದ್ದು ಅಲ್ಲೇ ನಿಂತಿತು, ಯಾಕೆಂದರೆ ಆ ಜಾಗ ಆಗಲೇ ಬುಕ್ ಆಗಿತ್ತು. ಅಚ್ಚುಕಟ್ಟಾಗಿ ಫಾಯಿಲ್ ಸುತ್ತಿದ ಎರಡು ಪೊಟ್ಟಣ ಅಲ್ಲಿ ಕೂತಿದ್ದವು. ಡೀಸೆಲ್ ವಾಸನೆಯ ನಡುವೆ ಗುರೆಳ್ಳು, ಬೆಳ್ಳುಳ್ಳಿ, ಬದನೆಕಾಯಿಯ ಘಮ.

"ಅಣ್ಣಾರ, ನಿಮ್ಮದೂ ಇಡ್ರಿ, ಜಾಗಾ ಐತಿ," ಎಂದು ಹಿಂದಿನಿಂದ ಯಾರೋ ಅಂದರು.

ತಿರುಗಿದರೆ ಮಂಜುನಾಥ. ಗದಗಿನವನು. ಅಕೌಂಟಿಂಗ್ ಓದಲು ಬಂದು, ಓದಿ ಮುಗಿಸಿ, ಲೆಕ್ಕ ಬಿಟ್ಟು ಮಣ್ಣು ಅಗೆಯಲು ನಿಂತವನು. ಹೋದ ವರ್ಷ ಸಿಡ್ನಿಯ ಸೈಟೊಂದರಲ್ಲಿ ಪರಿಚಯವಾಗಿದ್ದ. ಇಲ್ಲೇ ನೆಲೆಸಲು ಬೇಕಾದ ಪಿಆರ್ ಸಿಕ್ಕಿದ ಮೇಲೆ ಮೆಲ್ಬರ್ನ್‌ಗೆ ಬಂದಿದ್ದಾನೆ ಎಂದು ಗೊತ್ತಿತ್ತು. ನಾನು ಎರಡು ರಿಪೋರ್ಟಿನಲ್ಲಿ ಶಿಕ್ಷೆ ಬರೆದ ಆಪರೇಟರ್ ಅವನೇ ಎಂದು ಗೊತ್ತಿರಲಿಲ್ಲ.

"ಎಂಜಿನ್ ಯಾಕಪ್ಪ ಸುಮ್ನೆ ಓಡಿಸ್ತೀಯ?" ಎಂದೆ.

"ಬಂದ್ ಮಾಡಿದ್ರ ಎಣಗಾಯಿ ತಣ್ಣಗಾಗ್ತದಲ್ರಿ."

"ಆ ಗುಂಡಿ?"

"ಅದನ್ನ ಒತ್ತಲಿಲ್ಲಂದ್ರ ಪಲ್ಯ ಸುಟ್ಟು ಇದ್ದಲಿ ಆಗ್ತದ್ರಿ. ಒಂದ್ ಸಲ ಆತು." ಆಮೇಲೆ ನನ್ನ ಮುಖ ನೋಡಿ, ಸ್ವಲ್ಪ ಅನುಮಾನದಿಂದ, "ನೀವ ಕಲಿಸಿದ್ದಲ್ರಿ ಅಣ್ಣಾರ?" ಎಂದ.

ನಾನೇ. ಹೋದ ಚಳಿಗಾಲದ ಒಂದು ಬೆಳಿಗ್ಗೆ ನಾನೇ ಅವನಿಗೆ ಬಹಳ ಜಂಬದಿಂದ, ಮೆಷಿನ್ನಿನ ಮೇಲೆ ಇರುವುದರಲ್ಲಿ ಒಳ್ಳೆಯ ಒಲೆ ಇದು ನೋಡು ಎಂದು ಆ ತಗಡನ್ನು ತೋರಿಸಿದ್ದೆ. ಫಾಯಿಲ್ ಎರಡು ಸುತ್ತು ಸುತ್ತಬೇಕು ಎಂಬ ಸೂಕ್ಷ್ಮವನ್ನೂ ಹೇಳಿಕೊಟ್ಟಿದ್ದೆ. ಸೈಟುಗಳಲ್ಲಿ ಊಟದ ಶೆಡ್ಡು ಇರುತ್ತದೆ, ಅದರಲ್ಲಿ ಮೈಕ್ರೋವೇವ್ ಇರುತ್ತದೆ. ಆದರೆ ನಾನು ಹೊಸದಾಗಿ ಬಂದಾಗ ಒಂದು ದಿನ ಅದರಲ್ಲಿ ಹುಳಿಯನ್ನ ಬಿಸಿ ಮಾಡಿದೆ. ಇಂಗಿನ ಒಗ್ಗರಣೆ ಶೆಡ್ಡು ತುಂಬಿತು. ಒಬ್ಬ ಎದ್ದು ಕಿಟಕಿ ತೆಗೆದ, ಇನ್ನೊಬ್ಬ ತನ್ನ ಸ್ಯಾಂಡ್‌ವಿಚ್ ಹಿಡಿದು ಹೊರಗೆ ಹೋದ. ಅಷ್ಟೇ. ಅವತ್ತು ನನಗೆ ನಾಚಿಕೆಯಾಯಿತು, ಹುಳಿಯನ್ನದ ಬಗ್ಗೆ ನಾಚಿಕೆಪಟ್ಟೆನಲ್ಲ ಎಂದು ಆಮೇಲೆ ಇನ್ನೂ ಹೆಚ್ಚು ನಾಚಿಕೆಯಾಯಿತು. ಮತ್ತೆಂದೂ ಆ ಪೆಟ್ಟಿಗೆ ಮುಟ್ಟಲಿಲ್ಲ. ತಣ್ಣಗಿನ ಅನ್ನ ಗಂಟಲಲ್ಲಿ ಇಳಿಯದ ಜಾತಿ ನಮ್ಮದು, ಹಾಗಾಗಿ ಈ ಒಲೆಯನ್ನು ಕಂಡುಹಿಡಿದೆ. ನಾನು ಅದರ ಮೇಲೆ ಹತ್ತು ನಿಮಿಷ ಇಡುತ್ತಿದ್ದೆ. ಶಿಷ್ಯ ಶ್ರದ್ಧಾವಂತ, ಒಂದೂವರೆ ಗಂಟೆ ಇಟ್ಟ. ಹೊಗೆ ಫಿಲ್ಟರಿನ ಮೇಲೆ ಅಡುಗೆ ಇಡಬಾರದು, ಬೆಂಕಿ ಹತ್ತಬಹುದು ಎಂದು ಬರೆದ ಎಚ್ಚರಿಕೆ ಚೀಟಿ ಪಕ್ಕದಲ್ಲೇ ಇತ್ತು. ಅದನ್ನು ಅಂಟಿಸುವುದು ನನ್ನ ಕೆಲಸದ ಭಾಗ.

ಮಂಜುನಾಥನಿಗೆ ಎಲ್ಲ ವಿವರಿಸಿದೆ. ಅವನು ತಗಡಿನ ಮೇಲಿಂದ ಪೊಟ್ಟಣಗಳನ್ನು ಎತ್ತಿಕೊಂಡ. "ಹಂಗಾದ್ರ ನನ್ನ ತೆಗೀತಾರೇನ್ರಿ?" ಎಂದು ಕೇಳಿದ. ಹೋದ ತಿಂಗಳಷ್ಟೇ ಹೆಂಡತಿ ಊರಿಂದ ಬಂದಿದ್ದಳಂತೆ. ಎಣಗಾಯಿ ಅವಳು ಬೆಳಿಗ್ಗೆ ಐದಕ್ಕೆ ಎದ್ದು ಮಾಡಿದ್ದು.

ನಾವಿಬ್ಬರೂ ಶೆಡ್ಡಿಗೆ ಹೋದೆವು. ಎಷ್ಟೋ ವರ್ಷಗಳ ಮೇಲೆ ನಾನು ಮೈಕ್ರೋವೇವಿನ ಬಾಗಿಲು ತೆಗೆದು, ವಾಂಗೀಬಾತು, ಎಣಗಾಯಿ ಎರಡನ್ನೂ ಫಾಯಿಲ್ ಬಿಚ್ಚಿ ತಟ್ಟೆಗೆ ಹಾಕಿ ಇಟ್ಟು ಗುಂಡಿ ಒತ್ತಿದೆ. ಘಮ ಎದ್ದಿತು. ಕಿಟಕಿ ಪಕ್ಕ ಕೂತಿದ್ದ ದಪ್ಪ ಮೀಸೆಯ ಕ್ರೇನ್ ಡ್ರೈವರ್ ತಲೆಯೆತ್ತಿದ. ನಾನು ಅವನು ಕಿಟಕಿ ತೆಗೆಯುವುದನ್ನೇ ಕಾಯುತ್ತ, ಅದಕ್ಕೆ ಕೊಡಬೇಕಾದ ಉತ್ತರವನ್ನು ಮನಸ್ಸಿನಲ್ಲಿ ಇಂಗ್ಲಿಷಿಗೆ ತಿರುಗಿಸುತ್ತಿದ್ದೆ. ಅವನು, ಅದೇನು ಬದನೆಕಾಯಿಯಾ ಎಂದು ಕೇಳಿದ. ಹೌದೆಂದ ಮಂಜುನಾಥ ಅವನ ತಟ್ಟೆಗೆ ಒಂದು ಕಾಯಿ ಹಾಕಿದ. ನನ್ನ ಉತ್ತರ ವ್ಯರ್ಥವಾಯಿತು, ಒಳ್ಳೆಯ ಉತ್ತರವಾಗಿತ್ತು.

ಊಟದ ಮೇಲೆ ರಿಪೋರ್ಟು ತೆರೆದೆ. ಮೂಲ ಕಾರಣದ ಖಾನೆ ಬಂದಾಗ ಬೆರಳುಗಳು ಅಭ್ಯಾಸದಂತೆ "ಆಪ" ಎನ್ನುವಷ್ಟರ ತನಕ ಹೋಗಿದ್ದವು. ಅಳಿಸಿ, "ಟೆಕ್ನಿಷಿಯನ್" ಎಂದು ಬರೆದೆ. ಅದರ ಕೆಳಗೆ ನಡೆದದ್ದನ್ನೆಲ್ಲ, ಫಾಯಿಲಿನ ಎರಡು ಸುತ್ತಿನ ಸಮೇತ ಬರೆದೆ. ಹಿಂದಿನ ಎರಡು ರಿಪೋರ್ಟುಗಳನ್ನೂ ತಿದ್ದಬೇಕೆಂದು ಕೇಳಿಕೊಂಡೆ. ಕಳಿಸುವ ಗುಂಡಿ ಒತ್ತಿದೆ. ಹೆದರಿಕೆಯಾಗಿತ್ತು.

ಡೆಬ್ಬಿ ಸಂಜೆ ಫೋನ್ ಮಾಡಿ, ಉಸಿರಿಗಿಂತ ಮೆಲ್ಲಗೆ, ಮಂಜುನಾಥ ಅಲ್ಲೇ ಇರುತ್ತಾನೆ ಎಂದಳು. ನಾನು ಮಾತ್ರ ಮೂರು ತಿಂಗಳು ಎಲ್ಲಿಗೂ ಹೋಗುವ ಹಾಗಿಲ್ಲ, ಸಿಡ್ನಿಯ ವರ್ಕ್‌ಶಾಪಿನಲ್ಲಿ ಕೂತು ಊರಿನೆಲ್ಲ ಫಿಲ್ಟರುಗಳ ಬೂದಿ ಊದಬೇಕು ಎಂದಳು. ನ್ಯಾಯವಾದ ಶಿಕ್ಷೆ. ದಿನಾ ಸಂಜೆ ಮನೆಗೆ ಬಂದಾಗ ಹುಬ್ಬಿನ ತನಕ ಬೂದಿ. "ಎಮಿಷನ್ಸ್‌ನಿಂದ ಸನ್ಯಾಸಕ್ಕೆ ಬಡ್ತಿ ಆಯ್ತಾ?" ಎಂದು ಹೆಂಡತಿ ಕೇಳುತ್ತಾಳೆ.

ಆದರೆ ಡೆಬ್ಬಿ ಒಂದು ವಿಷಯ ಮರೆತಿದ್ದಳು. ಹಟಮಾರಿ ಮಸಿಯನ್ನು ಸುಡಲು ಆ ವರ್ಕ್‌ಶಾಪಿನಲ್ಲಿ ಬೀರುವಿನಷ್ಟು ದೊಡ್ಡ ಓವನ್ ಇದೆ, ದಿನವಿಡೀ ಉರಿಯುತ್ತದೆ. ನನ್ನ ಸ್ಟೂಲು ಇರುವುದು ಅದರ ಪಕ್ಕದಲ್ಲೇ. ಮರೆತದ್ದು ಅವಳಿಗೆ ಎರಡನೇ ದಿನ ನೆನಪಾಗಿರಬೇಕು. ಅದರ ಬಾಗಿಲ ಮೇಲೆ ಮಾರ್ಕರಿನಲ್ಲಿ ದಪ್ಪಗೆ ಬರೆದ ಹಾಳೆಯೊಂದು ಬಂತು. ಒಳಗೆ ಊಟ ಇಡಬಾರದು ಎಂದು ಬರೆದು, ಕೆಳಗೆ ಅನುಮಾನಕ್ಕೆ ಎಡೆಯಿಲ್ಲದಂತೆ ನನ್ನ ಹೆಸರು.

ನಾನು ನಿಯಮ ಮೀರುವವನಲ್ಲ. ಒಳಗೆ ಇಡಲಿಲ್ಲ. ಮೇಲಿನ ತಗಡು ಹಿತವಾಗಿ ಬೆಚ್ಚಗಿರುತ್ತದೆ, ಹಾಳೆಯಲ್ಲಿ ಅದರ ಪ್ರಸ್ತಾಪವಿಲ್ಲ, ಓವನ್ ಹೇಗೂ ತನ್ನ ಕೆಲಸಕ್ಕೆ ಉರಿಯುತ್ತಲೇ ಇರುತ್ತದೆ. ಒಂದು ವಾರ ನನ್ನ ಡಬ್ಬಿ ಅಲ್ಲಿ ಒಂಟಿಯಾಗಿ ಕೂತಿತ್ತು. ಮುಂದಿನ ಸೋಮವಾರ ಹನ್ನೊಂದು ಗಂಟೆಗೆ ನೋಡಿದರೆ ಪಕ್ಕದಲ್ಲಿ ಫಾಯಿಲ್ ಸುತ್ತಿದ ಒಂದು ಮೀಟ್ ಪೈ, ಮೇಲೆ ಮಾರ್ಕರಿನಲ್ಲಿ ದಪ್ಪಗೆ "ಮುಟ್ಟಬೇಡಿ" ಎಂದು ಬರೆದಿತ್ತು. ಕೈಬರಹ ಬಾಗಿಲ ಮೇಲಿನದೇ. ನನ್ನ ಡಬ್ಬಿಯನ್ನು ಸ್ವಲ್ಪ ಆಚೆ ಸರಿಸಿ, ಹೆಚ್ಚು ಬಿಸಿಯಿರುವ ಜಾಗಕ್ಕೆ ಪೈಯನ್ನು ಜರುಗಿಸಿದೆ. ಫಾಯಿಲ್ ಒಂದೇ ಸುತ್ತು ಸುತ್ತಿದ್ದಳು, ಇನ್ನೊಂದು ಸುತ್ತು ನಾನೇ ಸುತ್ತಿದೆ.