ಹಿಂದಕ್ಕೆ ಈಜುವವನು

ಗುಜರಾತಿನ ಬೋಪಾಲ್ ಬಡಾವಣೆಯ ರಸ್ತೆಗಳಲ್ಲಿ ಓಡಿ ಓಡಿ ಸೊಕ್ಕು ಬಂದು, ಈಜು ಬಾರದಿದ್ದರೂ, ಈಜು-ಸೈಕಲ್-ಓಟ ಮೂರೂ ಇರುವ ಟ್ರಯಾಥ್ಲಾನ್‌ಗೆ ಹೆಸರು ಕೊಟ್ಟುಬಿಟ್ಟೆ.

ಈಜುಕೊಳದಲ್ಲಿ ಕೋಚ್ ಕೈಗೊಂದು ತೇಲುಹಲಗೆ ಕೊಟ್ಟು, ಬರೀ ಕಾಲು ಬಡಿಯಲು ಹೇಳಿದರು. ಕಣ್ಮುಚ್ಚಿ, ಪ್ರಾಣ ಹೋಗುವಂತೆ ಬಡಿದೆ. ಸ್ವಲ್ಪ ಹೊತ್ತಿಗೆ ಪಾದ ಗೋಡೆಗೆ ತಾಗಿತು. ಕಣ್ಣು ಬಿಟ್ಟು ನೋಡಿದರೆ, ಹೊರಟ ಗೋಡೆಯೇ! ಅಷ್ಟು ಹೊತ್ತೂ ಹಿಂದಕ್ಕೆ ಸಾಗಿದ್ದೆ.

"ಓಡಿ ಓಡಿ ನಿಮ್ಮ ಪಾದದ ಕೀಲು ಬಿಗಿದುಹೋಗಿದೆ, ಪಾದ ನೇರವಾಗಿ ಚಾಚುತ್ತಿಲ್ಲ. ಕೊಕ್ಕೆಯ ಹಾಗೆ ನಿಮ್ಮನ್ನು ಹಿಂದಕ್ಕೆ ಎಳೀತಿದೆ," ಎಂದರು ಕೋಚ್. "ಸ್ವಲ್ಪ ದಿನ ಓಟ ಬಿಡಿ."

ನನಗೆ ಬರುತ್ತಿದ್ದುದೇ ಅದೊಂದು.

ಪಕ್ಕದಲ್ಲಿ, ಮಂಡಿನೋವಿಗೆಂದು ನೀರಿನಲ್ಲಿ ನಡೆಯುತ್ತಿದ್ದ ಗುಜರಾತಿ ಅಜ್ಜಿಯೊಬ್ಬರು ಕನಿಕರಪಟ್ಟರು: "ಬೇಟಾ, ಮುಂದೆ ಹೋಗೋದಿದ್ದರೆ ನನ್ನ ಹಾಗೆ ನಡೆದುಬಿಡು."

ಓಟ ಬಿಟ್ಟು ತಿಂಗಳಾಯಿತು. ಈಜು ಬಂದಿಲ್ಲ. ಅಜ್ಜಿ ಮಾತ್ರ ದಿನಾ ‘ಜೈ ಶ್ರೀಕೃಷ್ಣ’ ಎಂದು, ನಡೆದುಕೊಂಡೇ ನನ್ನನ್ನು ದಾಟಿಹೋಗುತ್ತಾರೆ.