ಬೇವು ಕಟ್ಟಿದ ಬಾಗಿಲು

೧೯೫೮ರ ಮಾರ್ಚ್ ಹದಿನಾಲ್ಕು, ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷ. ಸುರಪುರದ ದವಾಖಾನೆಯ ಆಯಾ ದೇವಕಮ್ಮ, ಕೊಂಕಲ್‌ನಿಂದ ಬಂದ ಐದು ತಿಂಗಳ ಕೂಸಿನ ತಲೆಯ ಹಿಂದೆ ತಾಟು ಬಡಿಯುತ್ತಿದ್ದಳು. ಕೂಸು ಬೆಚ್ಚಲಿಲ್ಲ. ಅದರ ಕಣ್ಣಿನ ಕಪ್ಪಿನ ನಡುವೆ ಹಾಲಿನ ಹನಿಯಂಥ ಬಿಳುಪು.

ರಾಜ್ಯಗಳು ಒಂದಾದ ಮೇಲೆ ಮೈಸೂರು ಕಡೆಯಿಂದ ಬಂದ ಡಾಕ್ಟರು ಇಂಥ ಕೂಸುಗಳ ತಾಯಂದಿರನ್ನು ಕೇಳುತ್ತಿದ್ದರು: "ಬಸುರಿಯಾಗಿದ್ದಾಗ ದದ್ದಿನ ಕಾಯಿಲೆ ಬಂದಿತ್ತಾ?" ಎಲ್ಲರದೂ "ಇಲ್ರಿ". ವಹಿಯ ತುಂಬ ಸೊನ್ನೆ. ಕೊನೆಗೆ ದೇವಕಮ್ಮನೇ ಹೇಳಿದ್ದಳು: "ಸಾಹೇಬ್ರ, ಅಮ್ಮ ಬಂದಿದ್ದಕ್ಕ ಯಾರರ ಬ್ಯಾನಿ ಅಂತಾರೇನ್ರಿ? ನಾ ಕೇಳ್ತೀನಿ."

ಈಗಲೂ ಕೇಳಿದಳು: "ಇದು ಹೊಟ್ಟ್ಯಾಗಿದ್ದಾಗ ಅಮ್ಮ ಬಂದಿದ್ಲೇನವ್ವ?"

"ಬಂದಿದ್ಲಲ್ಲ, ಎರಡು ತಿಂಗಳಿದ್ದಾಗ. ಮೂರ ದಿನ ಇದ್ದು ಹೋದ್ಲು. ಭಾಳ ಶಾಂತಾಕಿ."

ಅಷ್ಟರಲ್ಲಿ ವನದುರ್ಗದ ಅಂಬ್ರಪ್ಪ ಔಷಧಿಗೆಂದು ಬಂದವನು ಬಾಗಿಲಲ್ಲೇ ನಿಂತು ಸುದ್ದಿ ಹೇಳಿದ: ತಮ್ಮೂರಲ್ಲಿ ದೇವಕಮ್ಮನ ಮಗಳು ಕರೆಮ್ಮನ ಮೈದುನನ ಮನೆಗೆ ಬೇವು ಕಟ್ಟಿದ್ದಾರೆ, ಅವನ ಕೂಸಿಗೆ ಅಮ್ಮ ಬಂದಿದ್ದಾಳೆ. ದೇವಕಮ್ಮ ತಾಟು ಅಲ್ಲೇ ಇಟ್ಟು ಬಸ್ಸಿಗೆ ಹೊರಟಳು. ಕರೆಮ್ಮನೂ ಈಗ ಎರಡೇ ತಿಂಗಳ ಬಸುರಿ; ದದ್ದಿನಿಂದ ಹೊಟ್ಟೆಯ ಕೂಸಿನ ಕಣ್ಣು, ಕಿವಿ ಕೆಡುವುದು ಈ ತಿಂಗಳುಗಳಲ್ಲೇ ಎಂದು ಡಾಕ್ಟರು ಹೇಳಿದ್ದರು. ಅಮ್ಮ ಬಂದ ಕೂಸನ್ನು ಬಸುರಿ ಸೊಸೆಯ ಉಡಿಯಲ್ಲಿ ಕೂಡಿಸಿ ಮೊಸರನ್ನ ಉಣಿಸುವುದು ಆ ಮನೆತನದ ಪದ್ಧತಿ.

ಬಸ್ಸು ಇಳಿದು ಓಡುನಡಿಗೆಯಲ್ಲಿ ಹೋದಾಗ ಕರೆಮ್ಮ ತಲೆ ಮಿಂದು, ಹಸಿ ಕೂದಲು ಬಿಟ್ಟು, ಬೇವು ಕಟ್ಟಿದ ಬಾಗಿಲ ಹೊರಗೆ ನಿಂತಿದ್ದಳು.

"ಬರ್ರಿ ಬೀಗತಿ," ಎಂದಳು ಅತ್ತೆ ಹಣಮಮ್ಮ. "ಮೊಸರನ್ನದ ವಾಸನಿ ಸುರಪುರದ ತನಕಾ ಬಂತೇನು?"

"ಇಕಿ ಬದಲಿ ನಾ ಕೂಡ್ತೀನ್ರಿ. ಕೂಸಿನ್ನ ನನ್ನ ಉಡ್ಯಾಗ ಕೊಡ್ರಿ."

"ಈ ವಯಸ್ಸಿನ್ಯಾಗ ನೀವೂ ಬಸುರಾಗೀರೇನ್ರಿ?"

ಅಂಗಳದ ಹೆಂಗಸರು ನಕ್ಕರು. ದೇವಕಮ್ಮ ಮಗಳ ರಟ್ಟೆ ಹಿಡಿದಳು. "ಮುಟ್ಟೀಯೇನು ಕೂಸಿನ್ನ?"

"ಇನ್ನಾ ಇಲ್ಲ ಯವ್ವ."

"ಹೋದ ವಾರ? ಎತ್ತಿಕೊಂಡಿದ್ದೇನು?"

"ನೆನಪಿಲ್ಲ."

ದದ್ದು ಏಳುವ ಮೊದಲೇ ಅದು ಅಂಟಬಹುದೆಂದು ಡಾಕ್ಟರು ಹೇಳಿದ್ದು ದೇವಕಮ್ಮನಿಗೆ ನೆನಪಿತ್ತು. ಮಗಳ ರಟ್ಟೆ ಬಿಡದೆ ಬಾಗಿಲಿನಿಂದ ಒಂದು ಹೆಜ್ಜೆ ಹಿಂದಕ್ಕೆ ಎಳೆದಳು.

"ದವಾಖಾನಿ ನೌಕರಿ ಸಿಕ್ಕಮ್ಯಾಗ ಅಮ್ಮಗ ಹೆದರೋದ ಬಿಟ್ರಿ ನೀವು," ಎಂದಳು ಹಣಮಮ್ಮ.

"ಹೆದರೇ ಓಡಿ ಬಂದೀನ್ರಿ. ಹೋದ ವರ್ಷ ನಮ್ಮ ವಾರ್ಡಿಗೆ ಬಂದ ಮಕ್ಕಳು ನೂರಾ ನಲವತ್ತು. ಕಣ್ಣಾಗ ಬಿಳುಪು ಇದ್ದು, ಕಿವಿ ಕೇಳದಂಥವು ಏಳು. ಏಳೂ ತಾಯಂದಿರನ್ನ ನಾನೇ ಕೇಳೀನಿ, ಬಸುರಿದ್ದಾಗ ಅಮ್ಮ ಬಂದಿದ್ಲೇನಂತ."

ಹಣಮಮ್ಮನ ಕೈ ಸೊಸೆಯ ಹೆಗಲ ಮೇಲಿತ್ತು. ಬಾಗಿಲ ಕಡೆ ದೂಡುತ್ತಿದ್ದ ಆ ಕೈ ಅಲ್ಲೇ ನಿಂತಿತು.

"ಎಷ್ಟು ಮಂದಿ ಹೌದಂದ್ರು?"

"ಆರು."